16 ಡಿಗ್ರಿ ಚಳಿಗೆ ಗೊಣಗುವ ಕ್ರಮ

ಬಿಸಿಲೂರಿನಲ್ಲಿದ್ದುಕೊಂಡು 16 ಡಿಗ್ರಿಗೇ ಗಡಗಡ ನಡುಗಿದರೆ ಹಿಮ ಬೀಳುವ ಊರಿನವರು ನಗುತ್ತಾರೆ. ನಗಲಿ ಬಿಡಿ. ಅವರ ಮನೆಯೊಳಗೆ ಹೀಟರ್ 20 ಡಿಗ್ರಿ ಹಿಡಿದಿಟ್ಟಿರುತ್ತದೆ. ನಿಮ್ಮ ಮನೆಯೊಳಗೆ ಹೊರಗಿನ ಚಳಿಯೇ ಬಾಡಿಗೆ ಕೊಡದೆ ಕೂತಿರುತ್ತದೆ. ಆದ್ದರಿಂದ ಬೈಯಬೇಕಾದದ್ದು ಹವೆಯನ್ನಲ್ಲ, ಮನೆಯನ್ನು. ಎತ್ತರದ ಚಾವಣಿ, ಮುಚ್ಚಲು ಬಾರದ ವೆಂಟಿಲೇಟರ್, ಟೈಲ್ಸ್ ನೆಲ: ಎಲ್ಲವೂ ಸೆಖೆ ಓಡಿಸಲೆಂದೇ ಮಾಡಿದ್ದು.

ಬರೀ ಬಾಯಿಮಾತು ಸಾಲದು, ಅಂಕಿ ಬೇಕು. ಥರ್ಮಾಮೀಟರನ್ನು ಮಲಗುವ ಕೋಣೆಯಲ್ಲಿ ನೆಲದಿಂದ ಸುಮಾರು ಒಂದು ಮೀಟರ್ ಮೇಲೆ, ಗೋಡೆಗೆ ತಾಗದಂತೆ ಇಡಿ. ನಡುರಾತ್ರಿ ಎದ್ದು ನೋಡುವುದು ದಂಡ. ನೆಲ ರಾತ್ರಿಯಿಡೀ ಬಿಸಿ ಕಳೆದುಕೊಳ್ಳುತ್ತಲೇ ಇರುವುದರಿಂದ ಹೊರಗೆ ಅತಿ ಹೆಚ್ಚು ಚಳಿ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಆಕಾಶ ಶುಭ್ರವಾಗಿ, ಗಾಳಿ ನಿಂತ ರಾತ್ರಿಯನ್ನೇ ಆರಿಸಿಕೊಳ್ಳಿ. ಮೋಡ ಕವಿದಿದ್ದರೆ ಬಿಸಿ ಅಷ್ಟಾಗಿ ಹೊರಗೆ ಹೋಗುವುದಿಲ್ಲ, ಅಂಕಿ ಕೈಕೊಡುತ್ತದೆ. ಬೆಳಿಗ್ಗೆ 11ರ ಮೇಲೆ ಚಳಿಯ ಮಾತೆತ್ತಬೇಡಿ. ಅಷ್ಟು ಹೊತ್ತಿಗೆ ಬಿಸಿಲಿಗೆ ಗೊಣಗುವ ಪಾಳಿ ಶುರುವಾಗಿರುತ್ತದೆ.

ಕಾಲಿಗೆ ಕೊರೆಯುವ ಟೈಲ್ಸ್ ನಿಜಕ್ಕೂ ಪಕ್ಕದ ಚಾಪೆಗಿಂತ ತಣ್ಣಗಿಲ್ಲ. ಎರಡೂ ಒಂದೇ ಉಷ್ಣತೆಯಲ್ಲಿರುತ್ತವೆ, ಟೈಲ್ಸ್ ಮಾತ್ರ ಅಂಗಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಮನೆಗೆಲ್ಲ ಕಾರ್ಪೆಟ್ ಬೇಡ. ಹಾಸಿಗೆಯಿಂದ ಕಾಲಿಳಿಸುವ ಕಡೆ ಒಂದು, ಬಚ್ಚಲ ಬಾಗಿಲಲ್ಲಿ ಒಂದು ಮ್ಯಾಟ್ ಸಾಕು.

ಬಚ್ಚಲಿನ ದೂರಿಗಂತೂ ಲೆಕ್ಕವೇ ಸಾಕ್ಷಿ. 15 ಲೀಟರ್ ನೀರನ್ನು 26 ಡಿಗ್ರಿಯಿಂದ 40ಕ್ಕೆ ಏರಿಸಲು 2 ಕಿಲೋವಾಟ್ ಗೀಸರ್‌ಗೆ ಏಳು ನಿಮಿಷ ಚಿಲ್ಲರೆ ಸಾಕು. ನಲ್ಲಿ ನೀರು 18 ಡಿಗ್ರಿಗೆ ಇಳಿದರೆ ಹನ್ನೊಂದೂವರೆ ಬೇಕು. ಬೇಸಿಗೆಯ ಅಂದಾಜಿನಲ್ಲೇ ಸ್ವಿಚ್ ಆರಿಸಿದವರು ಮೈಗೆ ಸೋಪು ಹಚ್ಚಿಕೊಂಡ ಮೇಲೆ ಕೂಗಿಕೊಳ್ಳುತ್ತಾರೆ.

ಹಾಸಿಗೆಯಲ್ಲಿ ಎಲ್ಲರೂ ಮೇಲೆ ಹೊದೆಯುತ್ತಾರೆ, ಕೆಳಗೆ ಹಾಸುವುದನ್ನು ಮರೆಯುತ್ತಾರೆ. ಮೈಭಾರಕ್ಕೆ ತೆಳು ಹಾಸಿಗೆಯ ಹತ್ತಿ ಒತ್ತಿಹೋಗಿ ಅದರೊಳಗಿನ ಗಾಳಿ ಉಳಿಯುವುದಿಲ್ಲ. ಮಂಚದ ಅಡಿಯಿಂದ ಚಳಿ ನೇರ ಬೆನ್ನಿಗೆ ಬರುತ್ತದೆ. ಒಂದು ಕಂಬಳಿ ಮಡಿಸಿ ಬೆಡ್‌ಶೀಟಿನ ಕೆಳಗೆ ಹಾಕಿ. ಮೇಲೆ ದಪ್ಪನೆಯ ಒಂದರ ಬದಲು ತೆಳುವಾದ ಎರಡು ಹೊದೆದರೆ ನಡುವೆ ಗಾಳಿ ನಿಲ್ಲುತ್ತದೆ, ಸೆಖೆಯಾದಾಗ ಒಂದನ್ನು ಒದ್ದೆಸೆಯಲೂಬಹುದು. ಫ್ಯಾನ್ ಎರಡರಲ್ಲಿಟ್ಟು ತಲೆವರೆಗೂ ಮುಸುಕು ಹಾಕುವವರಿಗೆ ಗೊಣಗುವ ಹಕ್ಕಿಲ್ಲ. ಸೊಳ್ಳೆಗೆಂದು ಫ್ಯಾನ್ ಹಾಕುವುದಾದರೆ ಸೊಳ್ಳೆಪರದೆ ಕಟ್ಟಿ.

ತಮಾಷೆ ಇಲ್ಲದ ಮಾತೊಂದಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಗ್ಯಾಸ್ ಗೀಸರ್ ಇರುವ ಬಚ್ಚಲಿನ ಕಿಂಡಿಯನ್ನು ಚಳಿಗೆಂದು ಮುಚ್ಚಬೇಡಿ. ಇವುಗಳಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಎಚ್ಚರವಾಗುವ ಮೊದಲೇ ಪ್ರಾಣ ತೆಗೆಯುತ್ತದೆ. ಚಳಿ ತಡೆಯಲು ರಟ್ಟು ಅಂಟಿಸುವುದಿದ್ದರೆ ಬೆಂಕಿ ಉರಿಯದ ಕೋಣೆಯ ವೆಂಟಿಲೇಟರಿಗೆ, ಅದೂ ಮುಕ್ಕಾಲು ಭಾಗಕ್ಕೆ ಮಾತ್ರ.

ಸ್ವೆಟರನ್ನು ಬೀರುವಿನಿಂದ ತೆಗೆದ ದಿನವೇ ತೊಟ್ಟರೆ ನುಸಿಗುಳಿಗೆಯ ವಾಸನೆಗೆ ಜನ ದೂರ ಸರಿಯುತ್ತಾರೆ, ದೂರು ಕೇಳುವವರೇ ಸಿಗುವುದಿಲ್ಲ. ಎರಡು ದಿನ ಗಾಳಿಗೆ ನೇತುಹಾಕಿ. ಒಳಗೆ ಹತ್ತಿಯ ಅಂಗಿ, ಮೇಲೆ ತೆಳು ಸ್ವೆಟರ್, ಗಾಡಿ ಓಡಿಸುವವರಿಗೆ ಗಾಳಿ ತಡೆಯುವ ಜಾಕೆಟ್. ಮಧ್ಯಾಹ್ನ ಇವನ್ನೆಲ್ಲ ತುರುಕಲು ಒಂದು ಚೀಲ.