ಲಾರಿ ಕೆಳಗ, ನಾವು ಮ್ಯಾಲ: ಹಜೀರಾ-ಘೋಘಾ ಫೆರ್ರಿದಾಗ ಡ್ರೈವರ್ ಹೆಂಗ ಇರ್ತಾನ

ಕಲಬುರಗಿಯಿಂದ ತೊಗರಿ ಬ್ಯಾಳಿ ಲೋಡ್ ತಗೊಂಡು ಗುಜರಾತಿನ ಭಾವನಗರಕ್ಕ ಹೋಗೋದಂದ್ರ ಸೊಲ್ಲಾಪುರ, ಪುಣೆ ಹಿಡದು ಸೂರತ್ ತನಕ ಗೊತ್ತಿದ್ದ ರೋಡೇ ಬಿಡ್ರಿ, ಅಲ್ಲಿಂದ ಖಂಭಾತ್ ಕೊಲ್ಲಿ ಸುತ್ತಾಕಿ ಹೋದ್ರ ಮತ್ತ 370 ಕಿಲೋಮೀಟರ್, ಹತ್ತು ಹನ್ನೆರಡು ತಾಸು. 2020ರ ನವೆಂಬರ್‌ದಾಗ ಸೂರತ್ ಬಾಜೂಕಿನ ಹಜೀರಾದಿಂದ ಭಾವನಗರ ಬಾಜೂಕಿನ ಘೋಘಾಕ್ಕ ಲಾರಿ ಸಮೇತ ಒಯ್ಯೋ ಹಡಗ, ಅಂದ್ರ ಫೆರ್ರಿ, ಶುರು ಆದಮ್ಯಾಲ ಅದು ನೀರಾಗ 90 ಕಿಲೋಮೀಟರ್, ನಾಕ್ ತಾಸಿನ ಮಾತು. ಡೀಸೆಲ್ ಲೆಕ್ಕ ಮಾಲಕರು ಹಾಕ್ತಾರ, ನಾ ಹೇಳೋದು ಆ ನಾಕ್ ತಾಸಿಂದು.

ಹಡಗ ಬಿಟ್ಟಮ್ಯಾಲ ಲಾರಿ ಕ್ಯಾಬಿನ್‌ದಾಗ ಕೂಡ್ಲಾಕ ಬಿಡಂಗಿಲ್ರಿ. ಇಂಜಿನ್ ಬಂದ್ ಮಾಡಿ, ಗೇರ್‌ದಾಗ ಹಾಕಿ, ಹ್ಯಾಂಡ್‌ಬ್ರೇಕ್ ಎಳದು ಮ್ಯಾಲ ಹೋಗ್ಬೇಕು, ಗಾಡಿ ಸರದ್ರ, ಬೆಂಕಿ ಹತ್ತಿದ್ರ ಕೆಳಗ ಮನಷ್ಯಾ ಇರಬಾರ್ದು ಅಂತ. ದಡ ಮುಟ್ಟೋತನ ಗಾಡಿ ಮುಖ ನೋಡಂಗಿಲ್ಲ. ಅದಕ್ಕ ಬಂದರ್ ಗೇಟಿನಾಗ ಪಾಳಿ ನಿಂತಾಗೇ ಒಂದ್ ಚೀಲ ತಯಾರ್ ಮಾಡ್ತೀನಿ: ಚಾದರ, ಚಾರ್ಜರ್, ನೀರಿನ ಬಾಟ್ಲಿ, ಬಿಪಿ ಗುಳಗಿ, ಗಾಡಿ ಕಾಗದ, ಕಟಕ್ ರೊಟ್ಟಿ, ಶೇಂಗಾ ಹಿಂಡಿ. ಸ್ಟೋ ಹಚ್ಚಿ ಅನ್ನ ಮಾಡೋ ಮಾತೇ ಇಲ್ಲ.

ಚಾದರ ಯಾಕಂದ್ರ ಮ್ಯಾಲ ಎಸಿ. 2025ರಾಗ ಹೊಸ ಲಾರಿಗೆ ಕ್ಯಾಬಿನ್ ಎಸಿ ಕಡ್ಡಾಯ ಆಗ್ಯದ ಖರೆ, ನಮ್ದು ಹಳೀ ಗಾಡಿ, ಮೇ ತಿಂಗಳ ಕಲಬುರಗಿ ಬಿಸಲಾಗ ಬೆಂದ ಮೈಗೆ ಆ ಥಂಡಿ ಸೀದಾ ಎಲುಬಿಗೆ ಬಡೀತದ.

ಆದ್ರ ನಿದ್ದಿ! ಧಾಬಾದ ಮುಂದ ಮಕ್ಕೊಂಡ್ರ ಒಂದ್ ಕಿವಿ ಡೀಸೆಲ್ ಟ್ಯಾಂಕ್ ಕಡಿ, ಇನ್ನೊಂದು ತಾಡಪಾಲ ಕಡಿ. ಇಲ್ಲಿ ನಡು ಸಮುದ್ರದಾಗ ಡೀಸೆಲ್ ಕದ್ದು ಎಲ್ಲಿ ಒಯ್ತಾರ ಹೇಳ್ರಿ, ಹಂಗಾಗಿ ಕುರ್ಚಿ ಮ್ಯಾಲೇ ಗೊರಕಿ ಹೊಡೀತೀನಿ. ಮಳಿಗಾಲದಾಗ ಅಲೆ ಜೋರಿದ್ರ ಹೊಟ್ಟಿ ತೊಳಸ್ತದ. ನಮ್ ಕ್ಲೀನರ್ ಸುರಪುರದ ಹುಡುಗ, ಹೊಟ್ಟಿ ತುಂಬ ತಿಂದು ಫೋನ್ ನೋಡ್ಕೋತ ಕುಂತು ಎಲ್ಲಾ ಹೊರಗ ಹಾಕ್ದ. ಸ್ವಲ್ಪೇ ತಿನ್ಬೇಕು, ಹಡಗದ ನಡು ಕೂಡ್ಬೇಕು, ದೂರ ನೋಡ್ಬೇಕು.

ಜಗಳ ಇರೋದು ಇಳದಮ್ಯಾಲ. "ತಮ್ಮಾ, ಹಡಗದಾಗ ಮಕ್ಕೊಂಡು ಬಂದೀಯಲ್ಲ, ಖಾಲಿ ಮಾಡಿ ಸೀದಾ ರಾಜಕೋಟಕ್ಕ ನಡಿ" ಅಂತ ಮಾಲಕರ ಫೋನ್ ಬರ್ತದ. ಕಾಯ್ದೆ ದಿನಕ್ಕ ಎಂಟು ತಾಸು ಕೆಲಸ ಅಂತದ, ಗೇಟಿನಾಗ ಪಾಳಿ ಹಚ್ಚಿದ್ದು, ಗಾಡಿ ಏರಿಸಿದ್ದು, ಇಳಿಸಿದ್ದು ಯಾರ ಕೆಲಸರಿ ಸಾವ್ಕಾರ? ಅದಕ್ಕ ಈಗ ಬ್ಯಾಳಿ ಲೋಡ್ ಆಗೋಕಿಂತ ಮುಂಚೇನೇ ಮಾತು ಮುಗಸ್ತೀನಿ, ಫೆರ್ರಿ ದಿನದ ಬತ್ತಾ ಪೂರ್ತಿ ಕೊಡ್ಬೇಕು, ಭಾವನಗರದಾಗ ಒಂದ್ ರಾತ್ರಿ ಗಾಡಿ ನಿಲ್ತದ. ಒಪ್ಪಿದ್ರ ಕೀಲಿ ಕೈ ತಗೋತೀನಿ.