ಪಟ್ಟಿಯಲ್ಲಿ ಇಲ್ಲದ ಹೆಂಗಸರು

ಹೆಂಗಸರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವೊಂದಕ್ಕೆ ಕಲಬುರಗಿ ಜಿಲ್ಲೆಯಲ್ಲಿ ಸದಸ್ಯೆಯರನ್ನು ಸೇರಿಸುವ ಹೊಣೆ ನನ್ನದಾಗಿತ್ತು. ಮೊದಲು ಕೈಗೆ ಬಂದದ್ದು ಆಶಾ ಕಾರ್ಯಕರ್ತೆಯರ ಪಟ್ಟಿ. ಅದರ ತುಂಬ ಬಸುರಿಯರು, ಬಾಣಂತಿಯರು, ಎಳೆಮಕ್ಕಳ ತಾಯಂದಿರು. ಮುಟ್ಟು ನಿಂತವರು, ಗಂಡ ಬಿಟ್ಟವರು, ಮದುವೆಯಾಗದೆ ಉಳಿದವರು ಅದರಲ್ಲಿ ಕಾಣಲಿಲ್ಲ.

ಸುಲಭಕ್ಕೆ ಸಿಕ್ಕವರನ್ನಷ್ಟೇ ಸೇರಿಸುವ ಆಸೆ ದೊಡ್ಡದು. ಅಮೆರಿಕದಲ್ಲಿ 1976ರಲ್ಲಿ 1,21,700 ನರ್ಸ್‌ಗಳೊಂದಿಗೆ ಶುರುವಾದ ಪ್ರಸಿದ್ಧ ಅಧ್ಯಯನ ವೈದ್ಯಲೋಕಕ್ಕೆ ಎಷ್ಟೋ ಕಲಿಸಿತು, ಆದರೆ ಸೇರಿದವರಲ್ಲಿ ಬಹುಪಾಲು ಬಿಳಿಯರೇ. ನಮ್ಮಲ್ಲಿಯೂ ಚಿಂಚೋಳಿಯ ಲಂಬಾಣಿ ತಾಂಡಾ, ಶಹಾಬಾದಿನ ಕಲ್ಲುಗಣಿ, ನಗರದ ಉರ್ದು ಮೊಹಲ್ಲಾ, ಸೇಡಂ ಕಡೆಯ ತೆಲುಗು ಮನೆಗಳನ್ನು ಬಿಟ್ಟು ಲೆಕ್ಕ ತುಂಬಿಸಬಹುದಿತ್ತು. ಹಾಗಾಗಿ ಪ್ರತಿ ಗುಂಪಿಗೂ ಅವರ ಮಾತು ಬಲ್ಲ ಹೆಣ್ಣುಮಕ್ಕಳನ್ನೇ ಕೆಲಸಕ್ಕೆ ತೆಗೆದುಕೊಂಡೆವು. ತಾಂಡಾದಲ್ಲಿ ‘ಯಾಡಿ’ (ತಾಯಿ) ಎಂದು, ಮೊಹಲ್ಲಾದಲ್ಲಿ ‘ಆಪಾ’ (ಅಕ್ಕ) ಎಂದು ಕರೆಯುವವರು ಬಂದರೆ ಬಾಗಿಲು ಬೇಗ ತೆರೆಯುತ್ತದೆ.

ಎಲ್ಲಕ್ಕಿಂತ ಕಾಡಿದ್ದು ರಕ್ತ ಪರೀಕ್ಷೆಯ ಹೊತ್ತು. ಸಕ್ಕರೆ ಅಂಶ ನೋಡಲು ಕನಿಷ್ಠ 8 ಗಂಟೆ ಖಾಲಿ ಹೊಟ್ಟೆ ಇರಬೇಕು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಕೂಲಿಗೆ ಹೋಗುವವರು ರೊಟ್ಟಿ ಕಟ್ಟಿಕೊಂಡು ನಸುಕಿನಲ್ಲೇ ಹೊರಡುತ್ತಾರೆ. ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ, ಉಪವಾಸ ಬೇಡದ ಎಚ್‌ಬಿಎ1ಸಿ ಪರೀಕ್ಷೆ ಮಾಡಿಬಿಡೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಮತ್ತು ನಮ್ಮ ಹೆಂಗಸರಲ್ಲಿ ರಕ್ತ ಕಡಿಮೆ ಇರುವವರೇ ಬಹಳ. ಕೊನೆಗೆ ಬೆಳಕು ಹರಿಯುವ ಮುನ್ನವೇ ಊರಿಗೆ ಹೋಗಿ ಕುಳಿತೆವು. ರಕ್ತ ಕೊಟ್ಟವರಿಗೆ ಅಲ್ಲೇ ಚಹಾ, ಉಪ್ಪಿಟ್ಟು. ರಮಜಾನ್ ತಿಂಗಳಲ್ಲಿ ಮೊಹಲ್ಲಾಗಳ ಶಿಬಿರವನ್ನು ಮುಂದೂಡಿದೆವು.

ರಕ್ತ ಮಾರುತ್ತಾರೆ ಎಂಬ ಮಾತು ಹಬ್ಬಿದಾಗ ಭಾಷಣದಿಂದ ಪ್ರಯೋಜನವಾಗಲಿಲ್ಲ. ಖಾಲಿ ಟ್ಯೂಬ್ ಅವರ ಕೈಗೇ ಕೊಟ್ಟು, ಒಂದು ಚಮಚದಷ್ಟು ಎಂದು ತೋರಿಸಿದೆವು. ಹಿಮೋಗ್ಲೋಬಿನ್ ಅಂಕಿಯನ್ನು ಅಲ್ಲೇ ಹೇಳಿದೆವು. 12ಕ್ಕಿಂತ ಕಡಿಮೆ ಇದ್ದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟೆವು. ತಮಗೇನು ಸಿಕ್ಕಿತು ಎಂದು ಹೆಂಗಸರು ಓಣಿಯಲ್ಲಿ ಹೇಳಿಕೊಂಡದ್ದೇ ನಮ್ಮ ದೊಡ್ಡ ಪ್ರಚಾರ.

ಸೊಸೆಯಂದಿರ ವಿಷಯದಲ್ಲಿ ಅತ್ತೆಯನ್ನು ದಾಟಿ ಹೋಗಲಾಗದು. ಮೊದಲು ಅತ್ತೆಗೆ ವಿವರಿಸುತ್ತಿದ್ದೆವು, ಆಮೇಲೆ ಸೊಸೆಯನ್ನು ಬೇರೆ ಕೂರಿಸಿಕೊಂಡು ಕೇಳುತ್ತಿದ್ದೆವು. ಅತ್ತೆ ಹೂಂ ಎಂದು ಸೊಸೆ ತಲೆ ತಗ್ಗಿಸಿದರೆ ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಓದಲು ಬಾರದವರ ಹೆಬ್ಬೆಟ್ಟಿಗೆ ನಮ್ಮ ತಂಡದವರಲ್ಲದ ಸಾಕ್ಷಿ ಕಡ್ಡಾಯ. ಕೆಲವೆಡೆ ಮೇಲ್ವಿಚಾರಕರಿಗೆ ಈ ನಿಧಾನ ಹಿಡಿಸಲಿಲ್ಲ. ಅದು ಅವರ ಪಾಡು.

ಸೇರಿಸಿದ ಮೇಲೆ ಉಳಿಸಿಕೊಳ್ಳುವ ಕೆಲಸ. ಹೆರಿಗೆಗೆ ತವರಿಗೆ ಹೋಗುತ್ತಾರೆ, ಸುಗ್ಗಿ ಮುಗಿದರೆ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮೊಬೈಲ್ ನಂಬರ್ ಹೆಚ್ಚಾಗಿ ಗಂಡನದು, ಸಿಮ್ ಬದಲಾದರೆ ಎಳೆ ತಪ್ಪಿತು. ಅದಕ್ಕೇ ತವರಿನವರ ನಂಬರ್, ನೆರೆಮನೆಯವರ ನಂಬರ್ ಎರಡನ್ನೂ ಅವರ ಒಪ್ಪಿಗೆ ಪಡೆದು ಬರೆದುಕೊಂಡೆವು. ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಮರುಭೇಟಿ ಮುಗಿಸಿ ಎಂದು ಕಚೇರಿ ಹೇಳುತ್ತಿತ್ತು. ಮಾರ್ಚ್‌ನಲ್ಲಿ ತಾಂಡಾಗಳ ಎಷ್ಟೋ ಬಾಗಿಲಿಗೆ ಬೀಗ. ಮುಂಗಾರು ಬಿತ್ತನೆಗೆ ಜನ ಮರಳುವ ಜೂನ್‌ಗೆ ಬದಲಾಯಿಸಲು ಪತ್ರದ ಮೇಲೆ ಪತ್ರ ಬರೆಯಬೇಕಾಯಿತು.