ಬೆಳಿಗ್ಗೆ ಬೇಲೂರು, ಮಧ್ಯಾಹ್ನದ ಮೇಲೆ ಹಳೇಬೀಡು

2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಮ್ಮ ಹೊಯ್ಸಳ ದೇವಾಲಯಗಳನ್ನು ಪರಊರಿನ ನೆಂಟರಿಗೆ ತೋರಿಸುವವರು, ಹಾಸನದಿಂದ ಹೊರಟರೂ ಚಿಕ್ಕಮಗಳೂರಿನಿಂದ ಹೊರಟರೂ, ಬೆಳಿಗ್ಗೆ ಬೇಲೂರನ್ನು ನೋಡಿ, ಊಟ ಮುಗಿಸಿ, ಎರಡು ಗಂಟೆಯ ನಂತರ ಹಳೇಬೀಡಿಗೆ ಹೋಗುವುದು ಉತ್ತಮ. ಎರಡೂ ಗುಡಿಗಳು ಪೂರ್ವಾಭಿಮುಖವಾಗಿವೆ. ಬೇಲೂರಿನ ಮದನಿಕೆಯರು, ಅಂದರೆ ಸುಂದರಿಯರ ಶಿಲ್ಪಗಳು, ಸೂರಿನ ಅಡಿಯಲ್ಲಿರುವುದರಿಂದ ನಡುಹಗಲಿನಲ್ಲಿ ಅವರ ಮುಖಕ್ಕೆ ನೆರಳು ಕವಿಯುತ್ತದೆ. ಬೆಳಗಿನ ಎಳೆಬಿಸಿಲು ಮಾತ್ರ ಮುಂಬದಿಯ ಶಿಲ್ಪಗಳನ್ನು ಸೂರಿನ ಒಳಗಿನವರೆಗೂ ತಲುಪುತ್ತದೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಾದರೋ ಕಣ್ಣು ಕೀಳಲಾಗದಷ್ಟು ಸೊಗಸಾದ ಶಿಲ್ಪಸಾಲು ಇರುವುದು ಹಿಂಬದಿಯ ಪಶ್ಚಿಮ ಗೋಡೆಯಲ್ಲಿ. ಬೆಳಿಗ್ಗೆ ನೆರಳಿನಲ್ಲಿ ಮಂಕಾಗಿರುವ ಆ ಗೋಡೆಯನ್ನು ಮಧ್ಯಾಹ್ನದ ಬಿಸಿಲು ಮೇಲಿನಿಂದ ಓರೆಯಾಗಿ ಸವರಿಕೊಂಡು ಇಳಿಯುವಾಗ, ಬಳಪದ ಕಲ್ಲಿನಲ್ಲಿ ಕೊರೆದ ಹಾರಗಳ ಒಂದೊಂದು ಮಣಿಯ ಕೆಳಗೂ ಗೆರೆಯಷ್ಟು ನೆರಳು ಬಿದ್ದು, ಕೆತ್ತನೆಯ ಆಳ ಬರಿಗಣ್ಣಿಗೂ ಫೋಟೋದಲ್ಲೂ ಸ್ಪಷ್ಟವಾಗುತ್ತದೆ. ಸಂಜೆ ತೀರ ತಡವಾದರೆ ಬಿಸಿಲು ಗೋಡೆಗೆ ಎದುರಾಗಿಯೇ ಬೀಳುವುದರಿಂದ ಈ ನೆರಳುಗಳು ಅಳಿಸಿಹೋಗುತ್ತವೆ. ಮಳೆಗಾಲದಲ್ಲಿ ಮೋಡ ಮುಚ್ಚಿದ ದಿನ ಈ ಕ್ರಮದಿಂದ ಪ್ರಯೋಜನವಿಲ್ಲ. ಉತ್ತರದ ಗೋಡೆಗಳಿಗೂ ಇದು ಹೊಂದುವುದಿಲ್ಲ: ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ಅಲ್ಲಿಗೆ ನೇರ ಬಿಸಿಲು ಬಾರದು, ಮೇ ತಿಂಗಳಲ್ಲಿ ಮಾತ್ರ ಚೆನ್ನಾಗಿ ಬರುತ್ತದೆ. ಆದರೆ ಬೇಸಿಗೆಯ ಮಧ್ಯಾಹ್ನ ಗುಡಿಯ ಸುತ್ತಲಿನ ಎತ್ತರದ ಕಟ್ಟೆಯಾದ ಜಗತಿಯ ಕಲ್ಲು ಬರಿಗಾಲಿಗೆ ಸುಡುತ್ತದೆ. ವಯಸ್ಸಾದವರಿಗೂ ಮಕ್ಕಳಿಗೂ ದಪ್ಪ ಕಾಲುಚೀಲಗಳನ್ನು ದಯವಿಟ್ಟು ಜೊತೆಗೆ ಒಯ್ಯಿರಿ.